ಕಿತ್ತಳೆ ಟೊಪ್ಪಿಯವರ ಶಾಟೋ ಯಾತ್ರೆ

ನಗುವಂಥ ಸಂಗತಿಗಳು ನನ್ನ ಕೆಲಸದಲ್ಲಿ ದಿನಾ ಆಗ್ತಾ ಇರ್ತವೆ ಮಾರಾಯ್ರೆ. ಆದರೆ ಆಗುವಾಗ ಒಂದಕ್ಕೂ ನಗು ಬರುವುದಿಲ್ಲ, ಬಿಪಿ ಬರುತ್ತದೆ. ನಗುವುದೆಲ್ಲ ಆಮೇಲೆ, ಮನೆಗೆ ಬಂದು ಕಾಲು ಚಾಚಿ ಚಹಾ ಕುಡಿಯುವಾಗ.

ಖಲಾಸ್

ನಾನಿರುವುದು ದುಬೈಯ ಅಲ್ ಬರ್ಷಾದ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ. ಮರುಭೂಮಿ ಸಫಾರಿ, ದೋಣಿಯಲ್ಲಿ ಡಿನ್ನರ್, ಇಷ್ಟೇ ನಮ್ಮ ವ್ಯಾಪಾರ. ಅಂಥದ್ದರಲ್ಲಿ ನಮ್ಮ ಬಾಸಿಗೆ ಎಲ್ಲಿಂದ ತಲೆಗೆ ಹೊಕ್ಕಿತೋ, ಈದ್ ರಜೆಗೆ ಇಲ್ಲಿಯ ಕನ್ನಡದವರನ್ನು ಫ್ರಾನ್ಸಿಗೆ ಕರೆದುಕೊಂಡು ಹೋಗುವುದು ಅಂತ ಹೊರಟರು. ಪ್ಯಾರಿಸ್ಸಿಗಲ್ಲ, ಅಲ್ಲಿಗೆ ಎಲ್ಲರೂ ಹೋಗ್ತಾರೆ. ವೈನ್ ಮಾಡುವ ಊರುಗಳಲ್ಲಿ, ದ್ರಾಕ್ಷಿ ತೋಟಗಳ ನಡುವೆ, ಹಳೇ ಕಾಲದ ರಾಜರೂ ಜಮೀನ್ದಾರರೂ ಕಟ್ಟಿಸಿದ ಕೋಟೆಗಳು ಉಂಟಲ್ಲ, ಶಾಟೋ ಅಂತಾರೆ, ಅವನ್ನು ತೋರಿಸುವುದು. ಕರೆದುಕೊಂಡು ಹೋಗಬೇಕಾದವಳು ನಾನು.

"ಇದು ಮೊದಲನೇ ಗ್ರೂಪು, ನೋಡಿ," ಅಂದರು ಬಾಸ್. "ಒಂದೇ ಒಂದು ಕಂಪ್ಲೇಂಟ್ ಬಂದರೂ ಖಲಾಸ್. ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡ್ತೇನೆ."

ಅವರಿಗೆ ಅದು ಬಾಯಿ ಮಾತು, ನನಗೆ ಹಾಗಲ್ಲ. ಗಂಡನ ಕಂಪೆನಿ ಮುಚ್ಚಿಹೋಗಿ ಅವರೂ, ಹತ್ತನೇ ಕ್ಲಾಸಿನ ಮಗಳೂ ಇರುವುದು ನನ್ನ ವೀಸಾದಲ್ಲಿ. ನನ್ನ ಕೆಲಸ ಹೋಯಿತೆಂದರೆ ಮಗಳ ಪರೀಕ್ಷೆಗೆ ಮೊದಲೇ ಮೂರೂ ಜನ ಪೆಟ್ಟಿಗೆ ಕಟ್ಟಬೇಕು. ಆ ಹೆದರಿಕೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ನಾನು ಆ ಟೂರು ಪೂರ್ತಿ ನಗುಮುಖ ಮಾಡಿದ್ದು.

ಮೊದಲು ಹೆಸರು ಕೊಟ್ಟವರು ಯಾರು ಗೊತ್ತುಂಟಾ? ಅಬುಧಾಬಿಯ ಮುಸಫ್ಫಾದ ಅಂಕಲ್ ಮತ್ತು ಅವರ ಹೆಂಡತಿ. ಅಂಕಲ್ ಅಲ್ಲೊಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್, ತಪ್ಪು ಹುಡುಕುವುದೇ ಅವರ ಕೆಲಸ. ಹಿಂದೆ ಒಮ್ಮೆ ನಮ್ಮ ಮರುಭೂಮಿ ಸಫಾರಿಗೆ ಬಂದು, ಮರಳು ಜಾಸ್ತಿ ಆಯಿತು ಅಂತ ಕಂಪ್ಲೇಂಟ್ ಕೊಟ್ಟ ಪುಣ್ಯಾತ್ಮ.

ಎಷ್ಟು ಹಳೇದು?

ಹೊರಡುವ ಮೊದಲು ಎಲ್ಲರನ್ನೂ ಆಫೀಸಿನಲ್ಲಿ ಕೂರಿಸಿ, ಚಹಾ ಕೊಟ್ಟು, ಶಾಟೋಗಳ ಫೋಟೋ ತೋರಿಸಿದೆ. ಅಂಕಲ್ ಕೈ ಎತ್ತಿದರು.

"ಈ ಕಟ್ಟಡ ಎಷ್ಟು ಹಳೇದು?"

"ಐನೂರು ವರ್ಷ ಆಗಿರಬಹುದು ಅಂಕಲ್."

"ನಾವಿದ್ದ ಬಿಲ್ಡಿಂಗಿಗೆ ಮೂವತ್ತು ವರ್ಷ ಆಯಿತು ಅಂತ ಎಲ್ಲರನ್ನೂ ಖಾಲಿ ಮಾಡಿಸಿ ಕೆಡವಿದರು. ನೀವು ಐನೂರು ವರ್ಷದ್ದರ ಒಳಗೆ ನಮ್ಮನ್ನು ಹೊಗಿಸ್ತೀರಾ? ತಲೆ ಮೇಲೆ ಬಿದ್ದರೆ ಯಾರು ಜವಾಬ್ದಾರಿ?"

ಒಬ್ಬೊಬ್ಬರೇ ಚಹಾದ ಕಪ್ಪು ಕೆಳಗಿಟ್ಟು ನನ್ನ ಮುಖ ನೋಡಿದರು. ಒಬ್ಬರು ಎದ್ದರೆ ಸಾಕು, ಟೂರೇ ಎದ್ದು ಹೋಗುತ್ತದೆ.

ಆಗ ಅಂಕಲ್ ಹೆಂಡತಿ, ನಮ್ಮ ಆಂಟಿ, ಮೆಲ್ಲ ಬಾಯಿಬಿಟ್ಟರು. "ಐನೂರು ವರ್ಷ ಬೀಳದೆ ಇದ್ದದ್ದು ಎಂತಕ್ಕೆ? ನೀವು ಬರ್ಲಿ ಅಂತ ಕಾಯ್ತಾ ಉಂಟಾ?"

ಟೋಕನ್

ಮೊದಲನೇ ಶಾಟೋದ ಬಾಗಿಲಲ್ಲಿ ಟಿಕೆಟ್ ತೋರಿಸಿ ಹಿಂದೆ ತಿರುಗುತ್ತೇನೆ, ನಮ್ಮ ಗುಂಪು ಪೂರ್ತಿ ಬರಿಗಾಲು!

ಆದದ್ದಿಷ್ಟೇ. ನಮ್ಮ ಜೊತೆ ಮೈಸೂರಿನವರೊಬ್ಬರಿದ್ದರು, ಐಟಿ ಕಂಪೆನಿಯವರು. ಅರಮನೆ ಕಂಡ ಕೂಡಲೇ ಅವರ ಕೈ ತಾನಾಗಿ ಶೂ ಲೇಸಿಗೆ ಹೋಗಿದೆ. ಮೈಸೂರು ಅರಮನೆಗೆ ಚಪ್ಪಲಿ ಹಾಕಿ ಹೋಗುವ ಹಾಗಿಲ್ಲವಲ್ಲ, ಚಿಕ್ಕಂದಿನ ಅಭ್ಯಾಸ. ಅವರು ಬಿಚ್ಚಿದರು ಅಂತ ಪಕ್ಕದವರು, ಪಕ್ಕದವರು ಬಿಚ್ಚಿದರು ಅಂತ ಹಿಂದಿನವರು. ಮೆಟ್ಟಿಲ ಮೇಲೆ ಮದುವೆ ಮನೆಯಷ್ಟು ಚಪ್ಪಲಿ.

ಬಾಗಿಲಲ್ಲಿದ್ದ ಹೆಂಗಸಿನ ಮುಖ ಬಿಳಿಚಿತು. ವಾರಸುದಾರರಿಲ್ಲದ ಸಾಮಾನು ಕಂಡರೆ ಅಲ್ಲಿ ಸೆಕ್ಯುರಿಟಿಯವರನ್ನು ಕರೆಯುವುದು ನಿಯಮ. ಅವಳು ವಾಕಿಟಾಕಿ ಬಾಯಿಗೆ ಹಿಡಿದಳು.

"ಯಲ್ಲಾ ಯಲ್ಲಾ! ಬೇಗ ಬೇಗ, ಎಲ್ಲರೂ ಹಾಕಿಕೊಳ್ಳಿ!" ಅಂತ ಕೂಗಿದೆ.

"ಕಾಲು ಮರಗಟ್ಟಿತು. ಇದು ಕಂಪ್ಲೇಂಟ್," ಅಂದರು ಅಂಕಲ್.

ಎಲ್ಲರೂ ಹಾಕಿಕೊಂಡರು. ಮೈಸೂರಿನವರು ಮಾತ್ರ ಬರಿಗಾಲಲ್ಲೇ, ಆ ಹೆಂಗಸಿನ ಮುಂದೆ ಕೈ ಚಾಚಿಕೊಂಡು ನಿಂತಿದ್ದಾರೆ.

"ಏನ್ರೀ, ಹಾಕ್ಕೊಳ್ಳಿ ಬೇಗ!"

"ಇರಿ ಮೇಡಂ, ಹೊಸಾ ಶೂ. ಇವರು ಇನ್ನೂ ಟೋಕನ್ನೇ ಕೊಟ್ಟಿಲ್ಲ."

ಗೋಧಿ

ಎರಡನೇ ಶಾಟೋದಲ್ಲಿ ನೆಲಮಾಳಿಗೆ ತುಂಬಾ ವೈನ್ ಪೀಪಾಯಿಗಳು. ಅದರ ಮಾಲೀಕರು, ಬಹಳ ಗತ್ತಿನ ಮುದುಕ, ಗ್ಲಾಸು ತಿರುಗಿಸಿ, ಮೂಸಿ, ಬಾಯಿಗೆ ಹಾಕಿ, ಬಕೆಟ್ಟಿಗೆ ಉಗುಳಿ ತೋರಿಸಿದರು. ರುಚಿ ನೋಡುವುದು ಹಾಗಂತೆ. ನಮ್ಮಲ್ಲಿ ಕುಡಿಯುವವರು ಯಾರೂ ಉಗುಳಲಿಲ್ಲ. ಕೊಟ್ಟದ್ದನ್ನು ಕೊಟ್ಟವರ ಎದುರಿಗೇ ಉಗುಳುವುದೆಂದರೆ ಎಂಥ ಮರ್ಯಾದೆ?

ಮಾಲೀಕರು ಆಂಟಿಯನ್ನು ನೋಡಿ, ಹೇಗಿದೆ ಅಂತ ಕೇಳಿದರು. ನಮ್ಮ ಆಂಟಿ ಮಂಗಳೂರಿನವರು. ಊರಲ್ಲಿ ಕ್ರಿಸ್ಮಸ್ಸಿಗೆ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ ಮನೆಯಲ್ಲೇ ವೈನ್ ಮಾಡಿದ ಕೈ. ಕಣ್ಣುಮುಚ್ಚಿ ಚಪ್ಪರಿಸಿ ನನಗೆ ಕನ್ನಡದಲ್ಲಿ ಹೇಳಿದರು: "ಸಕ್ಕರೆ ಕಮ್ಮಿ. ಗೋಧಿ ಹಾಕ್ಲೇ ಇಲ್ಲ. ಪಾಪ, ಹೇಳಿಕೊಡುವವರು ಯಾರೂ ಇರ್ಲಿಲ್ಲ ಅಂತ ಕಾಣ್ತದೆ."

ಮುದುಕ ನನ್ನ ಬಾಯಿ ನೋಡ್ತಾ ನಿಂತಿದ್ದಾರೆ. ಅವರಿಗೆ ಸಿಟ್ಟು ಬಂದರೆ ಮಧ್ಯಾಹ್ನದ ಊಟ ಅಲ್ಲೇ, ಅದೂ ಹೋಗುತ್ತದೆ. ದೇವರೇ ಕಾಪಾಡು ಅಂದುಕೊಂಡು, "ಜನ್ಮದಲ್ಲಿ ಇಂಥ ವೈನ್ ಕುಡಿದಿಲ್ಲ ಅಂತಾರೆ" ಅಂತ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಮುದುಕ ಖುಷಿಯಾಗಿ ಆಂಟಿಯ ಕೈಗೇ ಒಂದು ಬಾಟ್ಲಿ ಕೊಟ್ಟರು.

ಹಿಂದಿನಿಂದ ಅಂಕಲ್: "ಸುಳ್ಳು ಟ್ರಾನ್ಸ್‌ಲೇಶನ್. ಇದೂ ಕಂಪ್ಲೇಂಟ್."

ತಲೆ ಲೆಕ್ಕ

ಬಸ್ ಹೊರಡುವ ಮೊದಲು ಪ್ರತಿ ಸಲ ನಾನು ತಲೆ ಲೆಕ್ಕ ಮಾಡುತ್ತಿದ್ದೆ. ತಲೆ ಅಂದರೆ ಟೊಪ್ಪಿ. ಬಾಸ್ ಎಲ್ಲರಿಗೂ ಕಿತ್ತಳೆ ಬಣ್ಣದ ಟೊಪ್ಪಿ ಕೊಟ್ಟಿದ್ದರು, ದೂರದಿಂದ ಕಾಣಲಿ ಅಂತ. ಕೊನೇ ಶಾಟೋದಿಂದ ನಾವು ಸೀದಾ ಏರ್‌ಪೋರ್ಟಿಗೆ ಹೋಗಬೇಕಿತ್ತು. ಎಣಿಸಿದೆ. ಇಪ್ಪತ್ತೆರಡು ಟೊಪ್ಪಿ, ಸರಿಯಾಗಿದೆ. ಬಸ್ ಹೊರಟಿತು.

ಅಂಕಲ್‌ಗೆ ಮಂಡಿನೋವು, ಕಾಲು ಚಾಚಲು ಮುಂದಿನ ಸೀಟು. ಆಂಟಿಯದು ಅವರ ಹಿಂದಿನದು. ಅಂಕಲ್ ಕಿಟಕಿ ನೋಡುತ್ತಾ ಬಸ್ಸಿನ ತಪ್ಪು, ರಸ್ತೆಯ ತಪ್ಪು, ನನ್ನ ತಪ್ಪು ಎಲ್ಲ ಹೇಳುವುದು, ನಡುನಡುವೆ ತಿರುಗದೆಯೇ "ಕೇಳ್ತಾ ಉಂಟಾ?" ಅನ್ನುವುದು. ಹಿಂದಿನಿಂದ "ಹ್ಞೂಂ." ಆವತ್ತೂ ಹಾಗೇ ನಡೆದಿತ್ತು.

ತುಂಬಾ ದೂರ ಬಂದ ಮೇಲೆ ನನ್ನ ಫೋನು ಬಡಿಯಿತು. ಆಂಟಿ.

"ಎಂತ ಮಾರಾಯ್ತಿ, ತೋಟ ಸುತ್ತಿ ಬರುವಷ್ಟರಲ್ಲಿ ನನ್ನನ್ನು ಬಿಟ್ಟು ಹೋದಿರಾ?"

ನಾನು ತಿರುಗಿ ನೋಡಿದೆ. "ಇದ್ದೀರಲ್ಲ ಆಂಟಿ! ನಿಮ್ಮ ಸೀಟಲ್ಲೇ ಇದ್ದೀರಲ್ಲ!"

"ನಾನು ಶಾಟೋದ ಗೇಟಲ್ಲಿದ್ದೇನೆ!"

ಮೆಲ್ಲ ಎದ್ದು ಹೋಗಿ ನೋಡಿದೆ. ಆಂಟಿಯ ಟೊಪ್ಪಿ ಹಾಕಿಕೊಂಡು, ಕಿಟಕಿಗೆ ತಲೆ ಆನಿಸಿ, ಯಾರೋ ಗುಜರಾತಿ ಅಜ್ಜಿ ಅರೆನಿದ್ದೆಯಲ್ಲಿದ್ದಾರೆ. ಬಿಸಿಲು ತಾಗಿ ತಲೆನೋವು ಅಂದ ಅವರಿಗೆ ತೋಟದಲ್ಲಿ ಆಂಟಿಯೇ ತನ್ನ ಟೊಪ್ಪಿ ಕೊಟ್ಟಿದ್ದರಂತೆ. ಅಜ್ಜಿ ತನ್ನ ಗುಂಪು ತಪ್ಪಿ, ಕಿತ್ತಳೆ ಟೊಪ್ಪಿಗಳ ಹಿಂದೆಯೇ ಬಂದು ನಮ್ಮ ಬಸ್ ಹತ್ತಿ ಖಾಲಿ ಸೀಟಲ್ಲಿ ಕೂತಿದ್ದಾರೆ.

"ಕೇಳ್ತಾ ಉಂಟಾ?" ಅಂದರು ಅಂಕಲ್.

"ಹ್ಞೂಂ," ಅಂದರು ಅಜ್ಜಿ.

ಒಬ್ಬರ ಹೆಂಡತಿಯನ್ನು ಬಿಟ್ಟು, ಇನ್ಯಾರದೋ ಅಜ್ಜಿಯನ್ನು ಎತ್ತಿಕೊಂಡು ಏರ್‌ಪೋರ್ಟಿಗೆ ಹೊರಟಿದ್ದೇನೆ. ಮಗಳ ಪರೀಕ್ಷೆ, ಪೆಟ್ಟಿಗೆ, ಬಾಸಿನ ಮುಖ, ಎಲ್ಲ ಒಟ್ಟಿಗೇ ಕಣ್ಣೆದುರು ಬಂತು. ಡ್ರೈವರನಿಗೆ ಕೈಮುಗಿದು ಬಸ್ ತಿರುಗಿಸಿದೆ.

"ನೋಡು, ದಾರಿಯೂ ಗೊತ್ತಿಲ್ಲ ಇವರಿಗೆ. ದುಬೈ ಮುಟ್ಟಿದ ಕೂಡಲೇ ಎಲ್ಲ ಹೇಳ್ತೇನೆ ಇವರ ಬಾಸಿಗೆ," ಅಂಕಲ್ ಅಜ್ಜಿಗೆ ಹೇಳಿದರು.

"ಹ್ಞೂಂ."

ಗೇಟಿನಲ್ಲಿ ಅಜ್ಜಿಯನ್ನು ಇಳಿಸಿ ಅವರ ಗುಂಪಿಗೆ ಒಪ್ಪಿಸಿದೆ. ಆಂಟಿ ಬಸ್ಸಿನ ಮೆಟ್ಟಿಲ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು.

"ಅವರು ತುಂಬಾ ಹೆದರಿದ್ರಾ?"

ನನಗೆ ಅಳು ಬರುವ ಹಾಗಾಯಿತು. ಅಷ್ಟರಲ್ಲಿ ಒಳಗಿನಿಂದ ಅಂಕಲ್ ಸ್ವರ ಕೇಳಿತು: "ಕೇಳ್ತಾ ಉಂಟಾ?"

ಆಂಟಿಗೆ ಅರ್ಥವಾಯಿತು. ಹತ್ತಿ ಸೀದಾ ಅಂಕಲ್ ಹತ್ತಿರ ಹೋಗಿ ಬಗ್ಗಿ ಹೇಳಿದರು: "ಈಗ ಕೇಳ್ತಾ ಉಂಟು. ನಾನು ಹತ್ತಿದ್ದು ಈಗ."

ಅಂಕಲ್ ತಿರುಗಿದರು. ಆಂಟಿಯನ್ನು ನೋಡಿದರು. ಕಿಟಕಿಯ ಹೊರಗೆ, ಕಿತ್ತಳೆ ಟೊಪ್ಪಿ ಬೀಸಿ ಟಾಟಾ ಮಾಡುತ್ತಿದ್ದ ಅಜ್ಜಿಯನ್ನು ನೋಡಿದರು. ಆಮೇಲೆ ವಿಮಾನ ಇಳಿಯುವವರೆಗೆ ಮಾತಿಲ್ಲ.

ಮರುವಾರ ಇಬ್ಬರೂ ನಮ್ಮ ಆಫೀಸಿಗೆ ಬಂದರು. ಬಾಸ್ ಕುರ್ಚಿ ಕೊಟ್ಟು, "ಹೇಳಿ ಅಂಕಲ್, ಏನೇನು ಕಂಪ್ಲೇಂಟ್?" ಅಂದರು. ನಾನು ಮೇಜು ಹಿಡಿದುಕೊಂಡು ನಿಂತೆ.

ಅಂಕಲ್ ಗಂಟಲು ಸರಿ ಮಾಡಿಕೊಂಡರು. "ಬಸ್ಸಿನಲ್ಲಿ..."

ಆಂಟಿ ಅವರ ಕಡೆ ಪೂರ್ತಿ ತಿರುಗಿ ಕೂತರು. "ಹ್ಞೂಂ. ಬಸ್ಸಿನಲ್ಲಿ? ಹೇಳಿ, ಹೇಳಿ. ಕೇಳ್ತಾ ಉಂಟು."

"ಬಸ್ಸಿನಲ್ಲಿ," ಅಂದರು ಅಂಕಲ್, "ಎಸಿ ಭಾರೀ ಲಾಯ್ಕಿತ್ತು."