ಪಟ್ಟಾಪಟ್ಟಿ ಚೀಲದ ದಿಗ್ವಿಜಯ

ಎಲೈ ರಸಿಕರೇ, ಕಿವಿಗೊಟ್ಟು ಕೇಳಿರಿ. ಕೃತಯುಗದಲ್ಲಿ ಮನುಷ್ಯನು ಕಾಯಿಪಲ್ಲೆಯನ್ನು ಬೊಗಸೆಯಲ್ಲಿ ತಂದನು. ತ್ರೇತೆಯಲ್ಲಿ ಉತ್ತರೀಯದಲ್ಲಿ ಗಂಟು ಕಟ್ಟಿ ತಂದನು. ದ್ವಾಪರದಲ್ಲಿ ಬುಟ್ಟಿ ಹೊತ್ತು ತಂದನು. ಧರ್ಮವು ಒಂಟಿಕಾಲಿನಲ್ಲಿ ಕುಂಟುತ್ತಿರುವ ಈ ಕಲಿಯುಗದಲ್ಲಾದರೋ, ಕೈ ಬೀಸಿಕೊಂಡು ಹೋಗಿ ‘ಕವರ್ ಹಾಕ್ಕೊಡಿ’ ಎಂಬ ಮಹಾಮಂತ್ರವನ್ನು ಒಮ್ಮೆ ಜಪಿಸಿ, ಹತ್ತೂ ಬೆರಳಿಗೆ ಹತ್ತು ಜೋತಾಡಿಸಿಕೊಂಡು ಬರತೊಡಗಿದನು. ಆ ಕವರುಗಳು ಚರಂಡಿಯಲ್ಲಿ ಕೂತರೆ ಏಳಲಿಲ್ಲ, ಹಸುವಿನ ಹೊಟ್ಟೆ ಸೇರಿದರೆ ಕರಗಲಿಲ್ಲ.

ಹೇ ವಾಗ್ದೇವಿ, ಇಂಥ ಕೇಡುಗಾಲದಲ್ಲಿ, ಇಕ್ಷುದಂಡವನಪರಿವೃತವಾದ ಮಂಡ್ಯವೆಂಬ ಪಟ್ಟಣದಲ್ಲಿ ನಡೆದ ಘೋರ ಸಮರವನ್ನು ಹೇಳಹೊರಟಿದ್ದೇನೆ. ನನ್ನ ನಾಲಿಗೆಯ ಮೇಲೆ ಬಂದು ಕೂರು. ಜಾಗ ಚಿಕ್ಕದು, ಸಮಾಸಗಳು ದೊಡ್ಡವು, ಸ್ವಲ್ಪ ಸರಿದು ಕೂರು ತಾಯಿ.

ಆ ಪಟ್ಟಣದಲ್ಲಿ, ಪ್ರಚಂಡಸೀಟಿನಾದಕಂಪಿತಪಾಠಶಾಲಾಪ್ರಾಂಗಣರೂ, ಗುಂಗುರುಮೀಸೆಮಂಡಿತಮುಖಮಂಡಲರೂ, ಸಾವಧಾನ್ ವಿಶ್ರಾಮ್ ಎಂಬೆರಡೇ ಮಾತಿನಲ್ಲಿ ಸಂಸಾರಸಾಗರವನ್ನು ಈಜಿದವರೂ ಆದ ಕೆಂಚೇಗೌಡರೆಂಬ ನಿವೃತ್ತ ಡ್ರಿಲ್ ಮಾಸ್ಟರು ಇದ್ದರು. ಅವರು ದಿನವೂ ಬೆಳಿಗ್ಗೆ ಮಾರ್ಕೆಟ್ಟಿಗೆ ದಂಡೆತ್ತಿ ಹೋಗಿ, ಏಳು ತರಕಾರಿಗಳನ್ನು ಏಳು ಗುಲಾಬಿ ಕವರುಗಳಲ್ಲಿ ಸೆರೆಹಿಡಿದು ತರುತ್ತಿದ್ದರು. ಮೆಣಸಿನಕಾಯಿಗೂ ಒಂದು ಕವರು. ನಾಲ್ಕೇ ನಾಲ್ಕು ನಿಂಬೆಹಣ್ಣಿಗೂ ಒಂದು ಕವರು.

ಅವರ ಸೊಸೆ ವಿನುತ, ಹಸಿಕಸವೊಣಕಸವಿಭಜನವಿಚಕ್ಷಣೆ. ಮದುವೆಯಾಗಿ ಬಂದ ಮೂರೇ ವರ್ಷದಲ್ಲಿ ಅವಳು ಗಂಡ ಯೋಗೀಶನನ್ನು ಶವರಿನ ಕೆಳಗಿನಿಂದ ಎಳೆದು ಒಂದು ಬಕೆಟ್ಟಿನ ಸ್ನಾನಕ್ಕೆ ಇಳಿಸಿದ್ದಳು. ಅತ್ತೆ ಸಾಕಮ್ಮನವರಾದರೋ ಅಕ್ಕಿ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯುವ ವಿದ್ಯೆಯನ್ನು ಸೊಸೆ ಹುಟ್ಟುವ ಮೊದಲೇ ಬಲ್ಲವರಾದ್ದರಿಂದ ಯುದ್ಧವಿಲ್ಲದೆಯೇ ಅವಳ ಪಕ್ಷ ಸೇರಿದ್ದರು. ಉಳಿದದ್ದು ಮಾವನೆಂಬ ಕೋಟೆಯೊಂದೇ.

ಹೋದ ಭಾನುವಾರ ವಿನುತ ಬೀದಿಯ ಹೆಂಗಸರನ್ನೆಲ್ಲ ಮನೆಗೆ ಕರೆದು, ಕವರು ಬಿಡಿ, ಬಟ್ಟೆ ಚೀಲ ಹಿಡಿಯಿರಿ ಎಂದು ಮನಮುಟ್ಟುವಂತೆ ಮಾತನಾಡುತ್ತಿದ್ದಳು. ಅದೇ ಮುಹೂರ್ತಕ್ಕೆ ಕೆಂಚೇಗೌಡರು ಸರಬರ ಸರಬರ ಎಂದು ಏಳು ಕವರುಗಳೊಂದಿಗೆ ಸಭೆಯ ನಟ್ಟನಡುವೆ ಹಾದು ಅಡುಗೆಮನೆಗೆ ಹೋದರು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಊರಿಗೆಲ್ಲ ಬುದ್ಧಿ ಹೇಳುವವಳ ಮನೆ ದೋಸೆಯೂ ತೂತೇ ಎಂದು ಬೀದಿಯೆಲ್ಲ ಆಡಿಕೊಂಡಿತು. ಪಾಪ, ಆ ಹುಡುಗಿ ಎರಡು ದಿನ ಹಾಲು ತರಲೂ ಹೊರಗೆ ಹೋಗಲಿಲ್ಲ. ಈ ಭಾನುವಾರ ಮತ್ತೆ ಸಭೆ. ಶನಿವಾರ ಸಂಜೆ ಅವಳು ಮಾವನ ಎದುರು ನಿಂತಳು.

“ಮಾವ, ನಾಳಿಕೆ ಎಲ್ರೂ ಮತ್ತೆ ಬತ್ತಾರೆ. ನಾಳಿಕೂ ನೀವು ಕವರ್ ಹಿಡ್ಕಂಡು ಬಂದ್ರೆ ನಾನು ಈ ಬೀದೀಲಿ ತಲೆ ಎತ್ಕಂಡು ಓಡಾಡಂಗಿಲ್ಲ,” ಎಂದು ಮನೆಯಲ್ಲಿದ್ದ ಒಂದು ಚೀಲವನ್ನು ಮುಂದೆ ಹಿಡಿದಳು. ಅದರ ಮೇಲೆ ‘ಮದುವೆ ಸೀರೆಗಳಿಗೆ ನಮ್ಮಲ್ಲಿಗೇ ಬನ್ನಿ’ ಎಂದು ಬರೆದಿತ್ತು.

ಕೆಂಚೇಗೌಡರು ಮೀಸೆ ತಿರುವಿ ಎದ್ದುನಿಂತರು. ಗೋಡೆಯ ಕ್ಯಾಲೆಂಡರು ಅಲುಗಿತು. ಫ್ಯಾನು ತಿರುಗುತ್ತಿತ್ತು, ಆದರೂ ಅಲುಗಿತು.

“ಕೇಳವ್ವ. ಇಪ್ಪತ್ತೆಂಟು ವರ್ಸ ಸೀಟಿ ಊದಿದ ಬಾಯಿದು. ನಾನು ಒಂದ್ಸಲ ಊದುದ್ರೆ ಎಂಟುನೂರು ಇಸ್ಕೂಲ್ ಐಕ್ಳು ಕಂಬದಂಗೆ ನಿಂತ್ಕತಿದ್ವು. ಅಂಥೋನು ಮದ್ವೆ ಸೀರೆ ಚೀಲ ನೇತಾಕ್ಕಂಡು ಮಾರ್ಕೆಟ್ಟಿಗೆ ಹೋಗ್ಲಾ? ಗಂಡಸು ಹಿಡಿಯೋ ಅಂಥ ಚೀಲ ಒಂದಿದ್ರೆ ಕೊಡು. ಹಿಡೀದೆ ಹೋದ್ರೆ ನಾನು ಕೆಂಚೇಗೌಡನೇ ಅಲ್ಲ.”

ಈ ಪ್ರತಿಜ್ಞೆ ದಶದಿಕ್ಕುಗಳಿಗೂ ಕೇಳಿತು. ಮುಖ್ಯವಾಗಿ ಹಿತ್ತಲ ದಿಕ್ಕಿಗೆ ಕೇಳಿತು. ಅಲ್ಲಿ ಒಗೆದ ಬಟ್ಟೆ ತೆಗೆಯುತ್ತಿದ್ದ ಸಾಕಮ್ಮನವರು ‘ಗಂಡಸು ಹಿಡಿಯೋ ಅಂಥದ್ದಾ’ ಎಂದು ಗೊಣಗಿ, ತಂತಿಯ ಕಡೆಗೊಮ್ಮೆ ನೋಡಿದರು. ಅಲ್ಲಿ ತೂಗುತ್ತಿತ್ತು, ಮಂದಮಾರುತಾಂದೋಲಿತನೀಲಧವಳರೇಖಾವಿರಾಜಿತವಾದ, ಗೌಡರದೇ ಒಂದು ಪಟ್ಟಾಪಟ್ಟಿ ಚಡ್ಡಿ. ಮೊಣಕಾಲುದ್ದ, ಎರಡು ಆಳು ಹಿಡಿಸುವ ಅಗಲ.

“ಇದಕ್ಕಿಂತ ಗಂಡಸ್ರದ್ದು ನಮ್ಮನೇಲಿ ಇನ್ನೇನೂ ಇಲ್ಲ ಕಣವ್ವ. ಹೊಲಿ,” ಎಂದು ಅದನ್ನು ಸೊಸೆಯ ಕೈಗಿಟ್ಟರು.

“ಅತ್ತೆ, ಮಾವಂಗೆ ಗೊತ್ತಾದ್ರೆ?”

“ಗೊತ್ತಾಗಲ್ಲ ಬಿಡು. ಅವ್ರು ಇದನ್ನ ಹಾಕ್ಕಂಡು ಮೇಲಿಂದ ಕೆಳಕ್ ನೋಡವ್ರೆ. ಪಕ್ಕದಿಂದ ನೋಡೇ ಇಲ್ಲ.”

ಹೊಲಿಗೆ ಯಂತ್ರ ಗುಡುಗಿತು. ಕಾಲುಗಳೆರಡರ ತಳ ಮುಚ್ಚಿತು, ಎರಡೂ ಅಕ್ಕಪಕ್ಕ ಬೆಸೆದು ಎರಡು ಖಾನೆಗಳಾದವು. ಹಳೆಯ ಸೀರೆಯ ಅಂಚು ಹಿಡಿಕೆಯಾಯಿತು. ಬಾಯಿ ಕಟ್ಟಲು ದಾರ ಮೊದಲೇ ಇತ್ತು, ಅದರ ತುದಿ ಒಳಗೆ ಸೇರಿಕೊಂಡಿತು.

ಭಾನುವಾರ ಬೆಳಿಗ್ಗೆ ಕೆಂಚೇಗೌಡರು ಆ ಆಯುಧವನ್ನು ತಿರುಗಿಸಿ ಮುರುಗಿಸಿ ಪರೀಕ್ಷಿಸಿದರು. ವಿನುತ ಪಕ್ಕದಲ್ಲೇ ನಿಂತಿದ್ದಳು.

“ಈ ಕಡೆ ಈರುಳ್ಳಿ, ಆ ಕಡೆ ಟೊಮೇಟೊ. ಎಂಥಾ ತಲೆ ಓಡ್ಸಿದೀಯವ್ವ. ಬಟ್ಟೆನೂ ಗಟ್ಟಿಯಾಗದೆ. ಎಲ್ ತಕಂಡೆ?”

“ಮನೇಲೇ ಇತ್ತು ಮಾವ.”

ಸತ್ಯವನ್ನೇ ನುಡಿದಳು. ಹೀಗೆ ಹೊರಟಿತು ದಿಗ್ವಿಜಯ. ಆಹಾ, ಆ ನಡಿಗೆಯನ್ನು ಏನೆಂದು ಬಣ್ಣಿಸಲಿ. ಈರುಳ್ಳಿಯವನು ಕವರು ಬಿಚ್ಚಿದರೆ “ಬೇಡ” ಎಂದರು. ಹುರುಳಿಕಾಯಿಯವನು ಬಿಚ್ಚಿದರೆ “ದನ ತಿಂತದೆ ಕಣಯ್ಯ, ನಾಚ್ಕೆ ಆಗಲ್ವ” ಎಂದು ಗದರಿದರು. ನಿನ್ನೆಯವರೆಗೆ ನಿಂಬೆಹಣ್ಣಿಗೆ ಕವರು ಕೇಳಿದ ಮನುಷ್ಯ ಇವನೇನಾ ಎಂದು ಮಾರ್ಕೆಟ್ಟು ಬಾಯಿ ಬಿಟ್ಟಿತು. ಹೊಸದಾಗಿ ಮತಾಂತರವಾದವನ ಭಕ್ತಿ ಯಾವಾಗಲೂ ಒಂದು ಕೈ ಜಾಸ್ತಿ. ಒಂದಲ್ಲ ಎರಡಲ್ಲ, ಆರು ಕವರುಗಳು ಅಂದು ತುಂಬುವ ಮೊದಲೇ ನೆಲಕಚ್ಚಿದವು.

ಏಳನೆಯದಾಗಿ ಬದನೆಕಾಯಿ ಮಾರುವ ತಾಯಮ್ಮನ ಮುಂದೆ ನಿಂತು ಗೌಡರು ಚೀಲವನ್ನು ವಿಜಯಧ್ವಜದಂತೆ ತಲೆಯ ಮೇಲಕ್ಕೆತ್ತಿದರು.

“ಕವರ್ ಎತ್ತಿಡು ತಾಯಮ್ಮ. ನಮ್ ಸೊಸೆ ಚೀಲ ಹೊಲ್ದವ್ಳೆ. ಗಂಡಸ್ರ ಚೀಲ.”

ತಾಯಮ್ಮ ಬದನೆಕಾಯಿ ತುಂಬಿ, ದಾರ ಎಳೆದು ಬಾಯಿ ಬಿಗಿದಳು. ಬಿಗಿದವಳು ದಾರವನ್ನೊಮ್ಮೆ, ಗೌಡರನ್ನೊಮ್ಮೆ ನೋಡಿದಳು.

“ಗಂಡಸ್ರದ್ದೇ ಮೇಷ್ಟ್ರೇ, ಅದ್ರಲ್ಲೇನ್ ಅನುಮಾನ. ಲಾಡಿನೂ ಅದೆ.”

ಗೌಡರು ದಾರ ನೋಡಿದರು. ಹಸಿರು ದಾರ. ನಿವೃತ್ತರಾದ ದಿನ ಸೀಟಿಯನ್ನು ಶಾಲೆಗೆ ಒಪ್ಪಿಸಿ, ಅದರ ದಾರವನ್ನು ಮಾತ್ರ ನೆನಪಿಗೆಂದು ಮನೆಗೆ ತಂದು, ಮುಂದೊಂದು ಆಪತ್ಕಾಲದಲ್ಲಿ ಲಾಡಿ ತುಂಡಾದಾಗ ತಮ್ಮ ಕೈಯಾರೆ ಪೋಣಿಸಿದ್ದ ದಾರ. ಗಂಟು ಸಡಿಲಿಸಿ, ಬಾಯಿ ಅಗಲಿಸಿ, ಮೇಲಿಂದ ಕೆಳಕ್ಕೆ ನೋಡಿದರು. ಅನುಮಾನವೇ ಉಳಿಯಲಿಲ್ಲ.

ನನಗೆ ಅವರ ಮೇಲೆ ನಿಜವಾಗಿಯೂ ಕನಿಕರ ಬರುತ್ತದೆ. ಅರ್ಧ ಮಾರ್ಕೆಟ್ಟಿಗೆ ತಮ್ಮ ಚಡ್ಡಿಯನ್ನು ಎತ್ತಿ ತೋರಿಸಿಕೊಂಡು ಬಂದವರು ಇನ್ನರ್ಧ ಮಾರ್ಕೆಟ್ಟನ್ನು ದಾಟಿ ಮನೆ ಸೇರಬೇಕಾಗಿತ್ತು. ಎಂಟುನೂರು ಐಕ್ಳನ್ನು ಗದರಿಸಿದ ಆ ಕಂಠ ಪಿಸುಮಾತಿಗೆ ಇಳಿಯಿತು.

“ತಾಯಮ್ಮ, ಒಂದ್ ಕವರ್ ಕೊಡು. ದೊಡ್ಡದು.”

ಮನೆಯಲ್ಲಿ ಸಭೆ ತುಂಬಿತ್ತು. ವಿನುತ ಮಾತಾಡುತ್ತಿದ್ದಳು, ಕಣ್ಣು ಬಾಗಿಲಲ್ಲಿತ್ತು. ಆಗ ಕೇಳಿಸಿತು ಸರಬರ. ಕೆಂಚೇಗೌಡರು ಒಳಗೆ ಬಂದರು, ಹಿಂದೆಂದೂ ಆ ಬೀದಿ ಕಾಣದಷ್ಟು ದೊಡ್ಡ ಗುಲಾಬಿ ಕವರಿನೊಂದಿಗೆ. ಸೆರಗುಗಳು ಬಾಯಿಗೇರಿದವು. ವಿನುತಳ ಕಣ್ಣು ತುಂಬಿಕೊಂಡಿತು.

ಗೌಡರು ಅವಳ ಮುಖ ನೋಡಿದರು. ಆಮೇಲೆ ಕವರಿನೊಳಗೆ ಕೈಯಿಟ್ಟು, ಎಲ್ಲರೂ ನೋಡುತ್ತಿದ್ದಂತೆ, ಪಟ್ಟಾಪಟ್ಟಿ ಚೀಲವನ್ನು ಹೊರತೆಗೆದು ಸಭೆಯ ನಡುವೆ ಇಟ್ಟರು. ಮಾನವನ್ನೇ ಇಟ್ಟರೆನ್ನಿ.

“ಚೀಲ ಇದ್ದೂ ಕವರ್ ಯಾಕ್ ಮೇಷ್ಟ್ರೇ?” ಎಂದಳು ಮುಂದೆ ಕೂತಿದ್ದವಳೊಬ್ಬಳು.

“ಹೊಸಾ ಚೀಲ. ಕೊಳೆ ಆಗ್ಬಾರ್ದು ಅಂತ,” ಎಂದು ಗೌಡರು ಒಳಗೆ ನಡೆದರು.

ಹೆಂಗಸರಿಗೆ ಆ ಎರಡು ಖಾನೆ ಬಹಳ ಹಿಡಿಸಿತು. ಇಂಥ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಸಾಕಮ್ಮನವರು ಮುಖದಲ್ಲಿ ಒಂದು ಗೆರೆಯೂ ಕದಲದಂತೆ, “ಅಂಗಡೀಲಿ ಸಿಕ್ಕಲ್ಲ. ನಿಮ್ ನಿಮ್ ಹಿತ್ಲಲ್ಲೇ ನೋಡಿ,” ಎಂದರು.

ಕೇಳಿದಿರಲ್ಲ ರಸಿಕರೇ. ಈ ಮಹಾಸಮರದಿಂದ ಭೂಮಂಡಲ ಉಳಿಯಿತೆಂದು ಸಾರಲು ನನಗೆ ಧೈರ್ಯವಿಲ್ಲ. ಏಳು ಕವರು ಬರುತ್ತಿದ್ದ ಮನೆಗೆ ಅಂದು ಒಂದು ಬಂತು, ಅಷ್ಟೆ. ಮಧ್ಯಾಹ್ನ ಬದನೆಕಾಯಿ ಗೊಜ್ಜು, ಮುದ್ದೆ. ಕೆಂಚೇಗೌಡರು ಒಂದು ಮುದ್ದೆ ಮುಗಿಸಿ, ಎರಡನೆಯದನ್ನು ಮುರಿಯುತ್ತ ಸೊಸೆಗೆ ಹೇಳಿದರು:

“ಮಾತು ಮಾತೇ ಕಣವ್ವ. ದಿನಾ ಹಿಡೀತೀನಿ. ನಾಳಿಕೆ ಮಾತ್ರ ನಿನ್ ಗಂಡಂದ್ರಲ್ಲಿ ಹೊಲಿ.”

ಪಕ್ಕದಲ್ಲಿ ಉಣ್ಣುತ್ತಿದ್ದ ಯೋಗೀಶನು ಏನು ಎತ್ತ ಎಂದು ತಿಳಿಯದೆ, “ಹೊಲಿ ಹೊಲಿ,” ಎಂದು ತಲೆಯಾಡಿಸಿ ಉಪ್ಪು ಕೇಳಿದನು.