ದೋಸೆ ಹಿಟ್ಟಿನ ಥರ್ಮಾಮೀಟರು

ಏಪ್ರಿಲ್ ತಿಂಗಳ ಎರಡನೇ ಭಾನುವಾರ, ಬೆಳಗ್ಗೆ ಐದೂ ಮುಕ್ಕಾಲು. ಸ್ಥಳ: ಬೆಂಗಳೂರಿನ ಕೋಗಿಲಿನಲ್ಲಿರುವ ನಮ್ಮ ಅಕ್ಕನ ಮನೆಯ ತಾರಸಿ. ಹಾಜರಿದ್ದವರು: ಎಪ್ಪತ್ತೆರಡರ ಅಕ್ಕ, ಅರವತ್ತೆಂಟರ ನಾನು, ಒಂದು ಡ್ರಮ್ಮು ಸುಣ್ಣ. ಮೂವರಲ್ಲಿ ಕುದಿಯುತ್ತಿದ್ದವಳು ಅಕ್ಕ ಒಬ್ಬಳೇ! ನಾನು ಪ್ಯಾಂಟಿನ ತುದಿಗಳನ್ನು ಎರಡೂ ಕಡೆ ಸಮನಾಗಿ ಮಡಿಸುತ್ತಿದ್ದುದೇ ಕಾರಣ.

"ಲೇ ಮೇಷ್ಟ್ರೇ, ಪೆರೇಡು ಆಮೇಲ್ ಮಾಡೀಯಂತೆ. ಬಿಸ್ಲು ಏರಕ್ ಮುಂಚೆ ಬ್ರಷ್ ಇಡ್ಕೊ!"

ಮೂವತ್ತನಾಲ್ಕು ವರ್ಷ ಡ್ರಿಲ್ ಮೇಷ್ಟರಾಗಿದ್ದವನು ನಾನು. ನನ್ನ ಸೀಟಿ ಕೇಳಿದರೆ ಇಡೀ ಶಾಲೆ ನೆಟ್ಟಗೆ ನಿಲ್ಲುತ್ತಿತ್ತು. ಈ ಮನೆಯಲ್ಲಿ ಮಾತ್ರ ನೆಟ್ಟಗೆ ನಿಲ್ಲುವವನು ನಾನು.

ಆದರೂ ಒಂದು ಮಾತನ್ನು ಎದೆ ತಟ್ಟಿ ಹೇಳುತ್ತೇನೆ. ಮನೆಯ ಸೆಖೆಯನ್ನು ನಮ್ಮ ಅಕ್ಕನಷ್ಟು ಕರಾರುವಾಕ್ಕಾಗಿ ಅಳೆಯುವವರು ಇಡೀ ಬೆಂಗಳೂರಿನಲ್ಲಿ ಇಲ್ಲ. ಯಾವುದರಿಂದ ಅಳೆಯುತ್ತಾಳೆ ಎಂದಿರಾ? ದೋಸೆ ಹಿಟ್ಟಿನಿಂದ! ಶಿವರಾತ್ರಿ ಕಳೆಯುತ್ತಿದ್ದಂತೆ ಕೋಣೆಗೊಂದು ಸ್ಟೀಲಿನ ಬಟ್ಟಲು, ಒಂದೊಂದರಲ್ಲೂ ಎರಡೇ ಸೌಟು ಹಿಟ್ಟು. ಎಲ್ಲಿಯದು ಮೊದಲು ಉಕ್ಕುತ್ತದೋ ಆ ಕೋಣೆಗೆ ಚಿಕಿತ್ಸೆ. ಪಡಸಾಲೆಗೆ ಲಾವಂಚದ ಪರದೆ ಬಂದದ್ದು ಹೀಗೆ, ಅಡುಗೆಮನೆಗೆ ಗಾಳಿ ಹೊರದಬ್ಬುವ ಫ್ಯಾನು ಬಂದದ್ದೂ ಹೀಗೆ. ಆಮೇಲೆ ಆ ಹಿಟ್ಟೆಲ್ಲ ಏನಾಗುತ್ತದೆ? ನಾವು ತಿನ್ನುತ್ತೇವೆ. "ಇವತ್ತು ಪಡಸಾಲೆ ದೋಸೆ ಸಪ್ಪೆ, ದೇವರ ಮನೇದು ಪರವಾಗಿಲ್ಲ" ಎಂದು ನೆಂಟರ ಮುಂದೆ ಹೇಳಿ ನಾನು ಹುಚ್ಚನೆನಿಸಿಕೊಂಡಿದ್ದೇನೆ.

ಫ್ಯಾನುಗಳ ವಿಷಯ ಕೇಳಲೇಬೇಡಿ. ಯುಗಾದಿಗೆ ಮೊದಲು ಎಲ್ಲದರ ರೆಕ್ಕೆಗಳನ್ನೂ ಬಿಚ್ಚಿಸಿ, ಸೀಗೇಪುಡಿ ಹಚ್ಚಿ ತಿಕ್ಕಿ ಸ್ನಾನ ಮಾಡಿಸುತ್ತಾಳೆ! ಹಬ್ಬಕ್ಕೆ ಹೋದ ನನಗೆ ಸೀಗೇಪುಡಿ ಉಳಿದಿರುವುದಿಲ್ಲ.

ಈ ಸಲದ ತೊಂದರೆ ಮಹಡಿಯ ಒಂಟಿ ರೂಮಿನದು. ಅಲ್ಲಿ ಬಾಡಿಗೆಗಿರುವ ಹುಡುಗಿ ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ಸದಾ ರಾತ್ರಿ ಪಾಳಿ. ಲೋಕವೆಲ್ಲ ಎದ್ದು ಓಡಾಡುವಾಗ ಅವಳು ಮಲಗಬೇಕು, ಅದೂ ಕಾದ ಕಾಂಕ್ರೀಟಿನ ಕೆಳಗೆ! ಅವಳ ರೂಮಿನ ಬಟ್ಟಲು ನಾಲ್ಕೇ ಗಂಟೆಯಲ್ಲಿ ಉಕ್ಕಿ ಹರಿದಿತ್ತು.

"ಅಮ್ಮಾ, ನಿದ್ದೆ ಇಲ್ದೆ ಕೈ ನಡುಗ್ತಿದೆ. ಇಂಜೆಕ್ಷನ್ ಕೊಡೋ ಕೈ ಇದು," ಎಂದಳಂತೆ ಹುಡುಗಿ. "ಆರ್.ಟಿ. ನಗರದಲ್ಲಿ ಒಂದು ಕೆಳಗಿನ ಮನೆ ನೋಡಿದೀನಿ. ಭಾನುವಾರ ಅವರಿಗೆ ಹೂಂ ಅಥವಾ ಊಹೂಂ ಹೇಳ್ಬೇಕು."

ಅಕ್ಕ ಏಸಿಯವನನ್ನು ಕರೆಸಿದಳು. ಅವನು ಅಂಗೈಯಗಲದ ಮೀಟರನ್ನು ಗೋಡೆಗೆ ಹಿಡಿದು, "ಮೂವತ್ತೆಂಟು ಇದೆ ಆಂಟಿ," ಎಂದ.

"ನಂಗೆ ಮೊನ್ನೇನೇ ಗೊತ್ತು. ಇಟ್ಟು ಉಕ್ಕಿತ್ತು."

"ಹಿಟ್ಟಾ? ಆಂಟಿ, ಇದು ಡಿಜಿಟಲ್ಲು!"

"ಆಗ್ಲಪ್ಪ. ಸಾಯಂಕಾಲ ಅದ್ನ ಉಯ್ಕೊಂಡ್ ತಿನ್ನಕ್ಕಾಯ್ತದಾ?"

ಅವನು ಮೀಟರನ್ನು ಜೇಬಿಗಿಟ್ಟುಕೊಂಡ. ಏಸಿ ಬೇಡವೆಂದವಳು ಕಡೆಗೆ ಹುಡುಗಿಯೇ. "ರಾತ್ರಿಯೆಲ್ಲ ಐಸಿಯೂನಲ್ಲಿ ಅದೇ ಗಾಳಿ ಅಮ್ಮಾ. ಹಗಲಾದ್ರೂ ಕಿಟಕಿ ಗಾಳಿ ಬೇಕು." ಹಾಗಾಗಿ ಉಳಿದ ದಾರಿ ಒಂದೇ: ತಾರಸಿಯನ್ನೇ ಬೆಳ್ಳಗೆ ಬಳಿದು ಬಿಸಿಲನ್ನು ಬಂದ ದಾರಿಗೇ ಅಟ್ಟುವುದು. ಅಕ್ಕ ಗಂಗಾನಗರದ ನನ್ನ ಮನೆಗೆ ಫೋನ್ ಮಾಡಿ ನನ್ನನ್ನು ಬರಹೇಳಿದಳು.

ಶನಿವಾರ ಸಂಜೆ ಒಂದು ಕೋಟು ಮುಗಿದಿತ್ತು. ಭಾನುವಾರ ಎರಡನೆಯದು. ಸುಣ್ಣಕ್ಕೆ ಅಂಟು, ಉಪ್ಪು, ಅನ್ನದ ಗಂಜಿ ಎಲ್ಲ ಬಿದ್ದಿದ್ದವು. ಅಕ್ಕ ಅದನ್ನು ರುಚಿ ನೋಡದೆ ಬಿಟ್ಟದ್ದೇ ಹೆಚ್ಚು! ನಾನು ತಾರಸಿಯನ್ನು ಚೌಕಗಳಾಗಿ ವಿಂಗಡಿಸಿ, ಚೌಕಕ್ಕೆ ಏಳು ನಿಮಿಷ ಎಂದು ಗೊತ್ತು ಮಾಡಿದೆ. ಅಕ್ಕ ನನ್ನ ಚೌಕಗಳನ್ನೆಲ್ಲ ದಾಟಿಕೊಂಡು ಬಳಿದು ನನಗಿಂತ ಮೊದಲೇ ಮುಗಿಸಿದಳು. ಎಂಟಕ್ಕೆ ಕೆಲಸ ಪೂರ್ತಿ. ಎಂಟೂವರೆಗೆ ಹುಡುಗಿ ಬಂದಳು, ಒಂಬತ್ತಕ್ಕೆ ಮಲಗಿದಳು. "ಅಲಾರಂ ಮೂರಕ್ಕೆ ಇಟ್ಟಿದೀನಿ. ನಿದ್ದೆ ಬಂದ್ರೆ ಇಲ್ಲೇ ಇರ್ತೀನಿ ಅಮ್ಮಾ, ಬರ್ದೇ ಇದ್ರೆ ಕ್ಷಮಿಸಿ." ಮಂಚದ ಪಕ್ಕ ಎರಡು ಸೌಟಿನ ಬಟ್ಟಲೂ ಕೂತಿತು.

ಆಮೇಲೆ ಮನೆಯಲ್ಲಿ ಕರ್ಫ್ಯೂ! ಕುಕ್ಕರ್ ಕೂಗುತ್ತದೆಂದು ಊಟಕ್ಕೆ ನೆನೆಸಿದ ಅವಲಕ್ಕಿ. ಕರೆಗಂಟೆಯ ವೈರು ಕಿತ್ತಾಯಿತು. ಸೊಪ್ಪಿನವಳು "ಸೊ..." ಎನ್ನುವಷ್ಟರಲ್ಲಿ ಅಕ್ಕ ಗೇಟಿಗೆ ಓಡಿ ಬೇಡದ ದಂಟನ್ನೆಲ್ಲ ಕೊಂಡು ಸಾಗಹಾಕಿದಳು. ನನಗೆ ಸೀನು ಬಂದಾಗ ಮೂಗನ್ನೇ ಹಿಡಿದಳು. ಕೊರಳಲ್ಲಿದ್ದ ಸೀಟಿಯೂ ಜಪ್ತಿಯಾಯಿತು.

ಮೆಟ್ಟಿಲ ಮೇಲೆ ಕಾವಲು ಕೂತಿದ್ದವಳನ್ನು ಪಿಸುದನಿಯಲ್ಲಿ ಕೇಳಿದೆ: "ಅಕ್ಕಾ, ಹೋದ್ರೆ ಹೋಗ್ಲಿ, ಬೇರೆಯವರು ಬರಲ್ವಾ? ಯಾಕಿಷ್ಟು ಪಾಡು?"

ಅವಳು ಸೆರಗಿನಿಂದ ಕೈಗಂಟಿದ್ದ ಸುಣ್ಣ ಒರೆಸಿಕೊಂಡಳು. "ನಿಮ್ ಭಾವ ಮಲಗ್ತಿದ್ದಿದ್ದು ಇದೇ ರೂಮಲ್ಲಿ ಕಣೋ. ಫ್ಯಾಕ್ಟ್ರೀಲಿ ಇಪ್ಪತ್ ವರ್ಷ ನೈಟ್ ಶಿಫ್ಟು. ಆಗ ಮೇಲೆ ಬರೀ ಶೀಟು. ಕೆಳ್ಗೆ ಮಕ್ಳು ಗಲಾಟೆ, ನಾನು ಒಗ್ಯೋ ಸದ್ದು. ದಿನಾ ಎದ್ದು ಬಂದು 'ಒಳ್ಳೇ ನಿದ್ದೆ ಬಂತು' ಅಂತಿದ್ರು. ನಾನೂ ನಂಬ್ಕೊಂಡಿದ್ದೆ. ಒಂದಿನ ಅವ್ರ ದಿಂಬು ಬಿಸಿಲಿಗಾಕಣ ಅಂತ ಎತ್ಕೊಂಡೆ. ಇಂಡಿದ್ರೆ ನೀರು ಸುರೀತಿತ್ತು."

ಭಾವ ತೀರಿಕೊಂಡು ಹನ್ನೊಂದು ವರ್ಷವಾಯಿತು. ನಾನೂ ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತೆ.

ಮೂರು ಹೊಡೆಯಿತು. ಮೇಲೆ ಅಲಾರಂ ಕೂಗಿ ಕೂಗಿ ತಾನೇ ನಿಂತಿತು, ಬಾಗಿಲು ತೆರೆಯಲಿಲ್ಲ. ಮೂರೂವರೆ. ನಾಲ್ಕು. ಗಂಟೆಗೆ ಸರಿಯಾಗಿ ಸಾವಿರಾರು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದವನು ನಾನು. ಅಂದು, ಇನ್ನೊಂದರ್ಧ ಗಂಟೆ ಏಳದಿರಲಿ ಎಂದು ಉಸಿರು ಬಿಗಿಹಿಡಿದು ಕೂತೆ.

ನಾಲ್ಕೂ ಮುಕ್ಕಾಲಿಗೆ ಬಾಗಿಲು ತೆರೆಯಿತು. ಕೆದರಿದ ಕೂದಲು, ಕೆನ್ನೆಯ ಮೇಲೆ ದಿಂಬಿನ ಗೆರೆ. "ಅಯ್ಯೋ ಅಮ್ಮಾ, ಅಲಾರಂ ಕೇಳ್ಸೇ ಇಲ್ಲ! ಆರ್.ಟಿ. ನಗರದವರಿಗೆ ಈಗ್ಲೇ ಊಹೂಂ ಅಂತ ಹೇಳ್ಬಿಡ್ತೀನಿ. ತಗೊಳ್ಳಿ ನಿಮ್ಮ ಹಿಟ್ಟು, ಉಕ್ಕೇ ಇಲ್ಲ ನೋಡಿ."

ಅಕ್ಕ ಬಟ್ಟಲನ್ನು ನನ್ನ ಕೈಗೆ ದಾಟಿಸಿದಳು, ಅದರತ್ತ ನೋಡಲೂ ಇಲ್ಲ. ಸೀದಾ ಒಳಗೆ ಹೋಗಿ ದಿಂಬನ್ನು ಎತ್ತಿಕೊಂಡಳು. ಅಂಗೈಯಿಂದ ಒತ್ತಿದಳು, ಮಗುಚಿ ಇನ್ನೊಂದು ಕಡೆಯೂ ಒತ್ತಿದಳು.

"ಒಣಗೈತೆ ಕಣೋ," ಎಂದಳು.

ದಿಂಬನ್ನು ಮೆಲ್ಲಗೆ ಇದ್ದಲ್ಲೇ ಇಟ್ಟು ಕೆಳಗಿಳಿದಳು. ನಾನು ತಾರಸಿಗೆ ಹೋಗಿ ಬ್ರಷ್ಷುಗಳನ್ನು ತೊಳೆದು, ಡ್ರಮ್ಮನ್ನು ಬೋರಲು ಹಾಕಿ, ಕೆಳಗೆ ಬಂದು ಕರೆಗಂಟೆಯ ವೈರು ಸಿಕ್ಕಿಸಿದೆ. ಗಂಟೆ ಆರು.