ಬಾಗಿಲು ತಟ್ಟುವ ಕೆಲಸ

ಅರವತ್ತೆಂಟು ದಾಟಿದ ಗಂಡಸು ಬಾಗಿಲು ತಟ್ಟಲು ಹೆದರಿದನೆಂದರೆ ಯಾರಿಗಾದರೂ ನಗು ಬರುತ್ತದೆ. ಅದೂ ತನ್ನದೇ ಮನೆಯ ಬಾಗಿಲು. ನಮ್ಮಲ್ಲಿ ಪಿತೃಪಕ್ಷಕ್ಕೆ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಣ್ಣುತ್ತಾರೆಂಬ ನಂಬಿಕೆ. ಸ್ವಲ್ಪ ಹೊತ್ತಾದ ಮೇಲೆ ಮನೆಯ ಹಿರಿಯ ಬಾಗಿಲು ತಟ್ಟಬೇಕು; ಇನ್ನು ಹೊರಡಿ ಎಂಬ ಸೂಚನೆ ಅದು. ನನ್ನ ಹೆಂಡತಿ ಜಯಮ್ಮ ಹೋದ ವರ್ಷ ಕ್ಯಾನ್ಸರಿನಿಂದ ತೀರಿಕೊಂಡಳು. ಇದು ಅವಳ ಮೊದಲ ಎಡೆ.

ಕುರುಬರಹಳ್ಳಿಯ ನಮ್ಮ ಮನೆಯ ಮೆಟ್ಟಿಲ ಮೇಲೆ ನಾನು, ಮಗಳು ವನಜ, ಬಾಮೈದ ನಂಜುಂಡ ನಿಂತಿದ್ದೆವು. ಕಿಟಕಿಯಿಂದ ವಡೆಯ ವಾಸನೆ. "ಭಾವ, ತಟ್ಟಿ. ಅಕ್ಕ ಯಾವತ್ತೂ ಇಷ್ಟೊತ್ತು ಕೂತು ಉಂಡೋಳಲ್ಲ" ಅಂದ ನಂಜುಂಡ. "ಇವತ್ತಾದ್ರೂ ಕೂತ್ಕೊಂಡು ತಿನ್ಲಿ ಬಿಡೋ" ಅಂದೆ. ನನಗೆ ಬಿಸಿ ಮುದ್ದೆ ಬಡಿಸುತ್ತಾ ಅವಳು ಜೀವನವಿಡೀ ನಿಂತೇ ಉಂಡಳೆಂಬುದು ಹೊಳೆದದ್ದೂ ಆಗಲೇ.

ವನಜ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಹಸಿದಾಗ ಬೇರೆಯವರಿಗೆ ಕೋಪ ಬಂದರೆ ಅವಳಿಗೆ ಪಾಠ ಬರುತ್ತದೆ. "ಅಪ್ಪ, ನಮ್ಮ ಒಂದೊಂದು ಜೀವಕೋಶದ ಮೈಮೇಲೂ ಗ್ರಾಹಕಗಳು ಅಂತಿರ್ತವೆ, ಬಾಗಿಲಿದ್ದ ಹಾಗೆ. ಕೆಲವು ಬಾಗಿಲಿಗೆ 'ಇರು' ಅಂತ ಸುದ್ದಿ ಬರುತ್ತೆ, ಕೆಲವಕ್ಕೆ 'ಸಾಕು, ಹೊರಡು' ಅಂತ. ಹೊರಡು ಅಂತ ತಟ್ಟಿದ್ರೆ ಕೋಶ ತನ್ನನ್ನ ತಾನೇ ಒಳಗಿಂದ ಕತ್ತರಿಸ್ಕೊಂಡು ಸಣ್ಣ ಸಣ್ಣ ಪೊಟ್ಟಣ ಆಗುತ್ತೆ. ಅಕ್ಕಪಕ್ಕದವು ನುಂಗ್ಕೊಳ್ತವೆ. ಗಲಾಟೇನೇ ಇಲ್ಲ."

"ಮತ್ತೆ ನಿಮ್ಮಮ್ಮಂಗೆ ಏನಾಯ್ತು?" ಅಂದೆ.

"ಅಮ್ಮನ ಕಾಯಿಲೆ ಕೋಶಗಳು ತಟ್ಟಿದ್ರೂ ಕೇಳಿಸ್ಕೊಳ್ಳಲಿಲ್ಲ ಅಪ್ಪ. ಹೊರಡ್ಬೇಕಾದಾಗ ಹೊರಡ್ಲಿಲ್ಲ, ಅಷ್ಟೆ."

ಇಷ್ಟು ದಿನ ಅವಳ ಕಾಯಿಲೆಗೆ ನನ್ನ ಬೀಡಿಯನ್ನೂ ನನ್ನ ಸಿಡುಕನ್ನೂ ಒಳಗೊಳಗೇ ದೂರುತ್ತಿದ್ದೆ. ಕಣ್ಣಿಗೆ ಕಾಣದ ಒಂದು ಕೋಶ ಹಟ ಹಿಡಿದು ಕೂತಿತೆಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು, ಹಿಂದೆಯೇ ನಾಚಿಕೆಯೂ ಆಯಿತು. ಮೆಟ್ಟಿಲ ಮೇಲೆ ನಾನೂ ಬಾಗಿಲು ತಟ್ಟದೆ ಹಾಗೇ ಹಟ ಹಿಡಿದು ನಿಂತಿದ್ದೆನಲ್ಲ.

ತಟ್ಟಿದೆ. "ಇದು ತಟ್ಟೋದಾ ಭಾವ? ಬಾಗಿಲ ಧೂಳು ಒರೆಸ್ದಂಗಿತ್ತು" ಅಂದ ನಂಜುಂಡ. ಎರಡನೆಯ ಸಲ ಜೋರಾಗಿಯೇ ತಟ್ಟಿ ಒಳಗೆ ಹೋದೆ. ದೀಪ ಉರಿಯುತ್ತಿತ್ತು. ಎಡೆಯ ಪಕ್ಕ ಅವಳಿಗೆಂದು ಇಟ್ಟಿದ್ದ ಹೊಸ ಸೀರೆ ಮಡಿಕೆ ಕೆಡದೆ ಇತ್ತು.

ಊಟಕ್ಕೆ ನಾನೇ ಎಲೆ ಹಾಕಿದೆ. "ಮೂರು ಜನಕ್ಕೆ ನಾಲ್ಕು ಎಲೆ ಯಾಕೆ ಭಾವ?" ಎಂದ ನಂಜುಂಡ.

ವನಜ ಅವನ ತೋಳು ಹಿಡಿದಳು. "ಸುಮ್ನಿರಿ ಮಾವ. ಬಾಗಿಲು ತಟ್ಟಿದ್ದು ಅಮ್ಮಂಗೆ ಕೇಳಿಸಿರುತ್ತೆ. ಅಪ್ಪಂಗೆ ಇನ್ನೂ ಕೇಳಿಸಿಲ್ಲ."

ನಾನು ಅದನ್ನೂ ಕೇಳಿಸಿಕೊಳ್ಳದವನಂತೆ ನಾಲ್ಕನೆಯ ಎಲೆಗೆ ಎರಡು ವಡೆ ಬಡಿಸಿದೆ.